ಸುಬೇದಾರ್ ಮಾವ ಹೇಳಿದ ‘ಈಗ ಬೇಡ’

ಮೊನ್ನೆ ಮೂಡುಬಿದಿರೆಯಲ್ಲಿ ಎನ್‌ಸಿಸಿ ಪರೇಡ್ ಮುಗಿಸಿದ ವಿದ್ಯಾರ್ಥಿನಿಯರು ನಾನು ಓಡಿಸುವ ಕಾಲೇಜು ಬಸ್ಸನ್ನು ಹತ್ತಿದರು. ಬೂಟ್ ಪಾಲಿಷಿನ ವಾಸನೆ ಡ್ರೈವರ್ ಸೀಟಿನವರೆಗೂ ಬಂತು. ಆ ವಾಸನೆಯ ಜೊತೆಗೇ ಸುಬೇದಾರ್ ಮಾವ ನೆನಪಾದರು. ವೇಣೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಸೈನ್ಯದಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಭಾನುವಾರ ಜಗಲಿಯಲ್ಲಿ ಕೂತು ಮನೆಮಂದಿಯ ಶೂಗಳಿಗೆಲ್ಲ ಪಾಲಿಷ್ ಹಾಕುತ್ತಿದ್ದರು...

ನಾನಾಗ ಸೈನ್ಯದಲ್ಲಿ ಹವಾಲ್ದಾರ್. ರಜೆಯಲ್ಲಿ ಊರಿಗೆ ಬಂದಿದ್ದೆ. ನನ್ನ ಸೇವಾವಧಿ ಮುಗಿಯುತ್ತ ಬಂದಿತ್ತು. ಬೇಕಿದ್ದರೆ ಇನ್ನೆರಡು ವರ್ಷ ಮುಂದುವರಿಸಬಹುದಿತ್ತು. ಇನ್ನು ಸಾಕು, ಬಂದೇ ಬಿಡ್ತೇನೆ ಎಂದು ಮಾವನಿಗೆ ಹೇಳಿದೆ. ಊರವರೆಲ್ಲ ಪೆನ್ಷನ್ ಎಷ್ಟು, ಮುಂದೇನು ಕೆಲಸ ಎಂದು ಕೇಳಿದ್ದರು. ಮಾವ ಕೇಳಿದ್ದೇ ಬೇರೆ.

“ಬೆಳಿಗ್ಗೆ ಎದ್ದಾಗ ನಿನ್ನ ಆರ್ಡರಿಗೆ ಕಾಯುವವರು ಒಬ್ಬರೂ ಇಲ್ಲ. ಆಗ ಏನು ಮಾಡ್ತಿ ಮಾರಾಯ?”

ಹೊದ್ದು ಮಲಗ್ತೇನೆ ಎಂದು ನಕ್ಕೆ. ಅವರು ನಗಲಿಲ್ಲ. ಸಂಜೆ ವಾಲಿಬಾಲ್ ಆಡಲು ಬಾ ಎಂದರು.

ಶಾಲೆಯ ಮೈದಾನದಲ್ಲಿ ರಿಕ್ಷಾದವರು, ಬೇಕರಿಯವರು, ಸೊಸೈಟಿಯ ಗುಮಾಸ್ತರು ಎಲ್ಲ ಸೇರಿ ಆಡುತ್ತಿದ್ದರು. ತಮಗೆ ಪುರುಸೊತ್ತಾದಾಗ ಬರುವುದು, ಸಾಕಾದಾಗ ಹೋಗುವುದು. ಒಂದು ವಾರದೊಳಗೆ ನಾನು ಅವರನ್ನು ಸಾಲಾಗಿ ನಿಲ್ಲಿಸಿದ್ದೆ. ಒಂದು ದಿನ ಬೇಕರಿಯವರು ತಡವಾಗಿ ಬಂದರು. ಪರೇಡ್ ಮೈದಾನದಲ್ಲಿ ಬೈಯುವ ಹಾಗೆ ಹಿಂದಿಯಲ್ಲಿ ಬೈದುಬಿಟ್ಟೆ. ಅವರು ಟವೆಲು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು. ಮರುದಿನ ಆಡಲು ಜನವೇ ಇರಲಿಲ್ಲ.

ವಾಪಸು ಬರುವಾಗ ಮಾವ ತಮ್ಮ ಕತೆ ಹೇಳಿದರು. ಅವರು ನಿವೃತ್ತರಾಗಿ ಬಂದ ಹೊಸತರಲ್ಲಿ, ಅವರು ಒಳಗೆ ಕಾಲಿಟ್ಟರೆ ಮನೆಯಲ್ಲಿ ಮಾತು ನಿಲ್ಲುತ್ತಿತ್ತಂತೆ. ಅದನ್ನು ಶಿಸ್ತು ಎಂದುಕೊಂಡಿದ್ದರಂತೆ. ಒಂದು ದಿನ ಅತ್ತೆ ಮಕ್ಕಳನ್ನು ಕರೆದುಕೊಂಡು ಬೆಳ್ತಂಗಡಿಯ ತವರಿಗೆ ಹೋದರು. ಕರೆತರಲು ಹೋದಾಗ ಮಕ್ಕಳು ಬಾಗಿಲ ಹಿಂದೆ ಅಡಗಿ ನಿಂತಿದ್ದರಂತೆ...

“ನೀನು ಈಗ ಬರುವುದು ಬೇಡ,” ಎಂದರು. “ತಯಾರಾಗಿ ಬಾ.”

ನನಗೆ ಸಿಟ್ಟು ಬಂದಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ನಾನು ಬರಲೆಂದು ವರ್ಷಗಳಿಂದ ಕಾದವಳು ಅವಳು. ಮಾವ ಹೇಳಿದ್ದು ಸರಿ ಉಂಟು ಎಂದಳು. ನಾನು ರಜೆಯಲ್ಲಿ ಬಂದರೆ ಮನೆಗೆ ಇನ್‌ಸ್ಪೆಕ್ಷನ್ ಬಂದ ಹಾಗೆ ಆಗ್ತದೆ ಎಂದೂ ಹೇಳಿದಳು. ಆ ಮಾತು ಎದೆಗೆ ನಾಟಿತು.

ಸೇವೆ ಮುಂದುವರಿಸಿದೆ. ಆದರೆ ಪ್ರತಿ ರಜೆಯಲ್ಲೂ ಮಾವನ ಕೈಕೆಳಗೆ ಊರಲ್ಲಿ ಬದುಕುವ ತರಬೇತಿ ನಡೆಯಿತು. ಬೇಕರಿಯವರ ಅಂಗಡಿಗೇ ಹೋಗಿ ತಪ್ಪಾಯಿತು ಎಂದೆ. ಗುಮಾಸ್ತರು ನಿಲ್ಲಿಸಿದ ಜಾಗದಲ್ಲಿ ನಿಂತು ಆಡಿದೆ. ಪೇಟೆಗೆ ಯಾವಾಗ ಹೊರಡುವುದೆಂದು ಮಗಳು ಹೇಳಿದ ಮೇಲೆ ಹೊರಟೆ. ಗಡಿಯ ಚಳಿಗಿಂತ ಇದು ಕಷ್ಟವಾಗಿತ್ತು. ಕೊನೆಯ ರಜೆಯಲ್ಲಿ ನನ್ನ ಸರ್ವಿಸ್ ನೆಟ್ಟಿಗೆ ಬಡಿದು, ಗೆಲ್ಲುವ ಆಟ ಕೈತಪ್ಪಿತು. ಬೇಕರಿಯವರು ಎಲ್ಲರೆದುರು ನನಗೆ ಚೆನ್ನಾಗಿ ಬೈದರು. ನಾನು ನಗುತ್ತ ಚೆಂಡು ತರಲು ಓಡಿದೆ. ಕಟ್ಟೆಯಲ್ಲಿ ಕೂತಿದ್ದ ಮಾವ ಎದ್ದು ಬಂದು ಭುಜದ ಮೇಲೆ ಕೈಯಿಟ್ಟರು.

“ಇನ್ನು ಬರಬಹುದು,” ಎಂದರು.

ನಾನು ಟ್ರಂಕ್ ಹಿಡಿದು ಊರಲ್ಲಿ ಇಳಿಯುವ ಮೊದಲೇ ಅವರು ಹೃದಯಾಘಾತದಿಂದ ತೀರಿಕೊಂಡಿದ್ದರು. ಸುದ್ದಿ ಬಂದಾಗ ನಾನು ದೂರದ ಪೋಸ್ಟಿನಲ್ಲಿದ್ದೆ. ಮುಖ ನೋಡಲೂ ಆಗಲಿಲ್ಲ...

ಮೊನ್ನೆ ವಿದ್ಯಾರ್ಥಿನಿಯರನ್ನೆಲ್ಲ ಇಳಿಸಿ, ಬಸ್ಸು ನಿಲ್ಲಿಸಿ ನೇರ ಅವರ ಮನೆಗೆ ಹೋದೆ. ಅತ್ತೆ ಚಹಾ ಕೊಟ್ಟು ಎದುರು ಕೂತರು. ಕೊನೆಯ ದಿನಗಳಲ್ಲಿ ಮಾವ ನನ್ನ ಬಗ್ಗೆ, ಅವನು ಯಾವಾಗ ಬರುವುದಂತೆ ಎಂದು ಮತ್ತೆ ಮತ್ತೆ ಕೇಳುತ್ತಿದ್ದರಂತೆ. ನಾನು ಬಂದೆ, ತಯಾರಾಗಿಯೇ ಬಂದೆ. ಅದನ್ನು ಅವರಿಗೆ ಹೇಳುವುದೊಂದು ಬಾಕಿ ಉಳಿಯಿತು.