ಹೊರಟವರನ್ನು ಎಲ್ಲಿಗೆಂದು ಕೇಳದ ಮನೆ

೨೦೨೫ರ ಜನವರಿಯಲ್ಲಿ ನಾನು ಜೀವಮಾನದಲ್ಲೇ ಮೊದಲ ಸಲ ಹಡಗು ಹತ್ತಿದೆ. ಹತ್ತಿದೆ ಅನ್ನುವುದಕ್ಕಿಂತ ಹೆಂಡತಿ, ಮಗಳು ಸೇರಿ ಹತ್ತಿಸಿದರು ಅಂದರೆ ಸರಿ. ಶಿರಸಿ ಪೇಟೆಯಲ್ಲಿ ನನ್ನದು ಬೈಕು, ಆಟೋಗಳಿಗೆ ಸೀಟು ಹೊಲಿಯುವ ಅಂಗಡಿ. ಮನೆ ಇಸಳೂರಿನಲ್ಲಿ. ಅಂಗಡಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಹೋಗಿ, ಬೀಗ ಜಗ್ಗಿ ನೋಡಿ ಬರುವ ಜಾತಿಯವನು ನಾನು. ಬಸ್ಸಿನಲ್ಲಿ ತುರ್ತು ಕಿಟಕಿಯ ಪಕ್ಕದ ಸೀಟೇ ಆಗಬೇಕು. ಇಂಥವನು ನಾಲ್ಕೂ ಕಡೆ ನೀರಿರುವ ಊರಿಗೆ ಮೋಜಿಗೆಂದು ಹೊರಟಿದ್ದು ಮಗಳು ಆಯಿಷಾಳ ಹಟದಿಂದ. ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತೆಂದು ಅವಳೇ ಅಂಡಮಾನಿಗೆ ಟಿಕೆಟ್ ಮಾಡಿಸಿಬಿಟ್ಟಳು. ಐದು ದಿನದ ಪ್ರವಾಸ.

ಅಂಡಮಾನ್ ಅಂದರೆ ಒಂದು ಊರಲ್ಲ. ಪೋರ್ಟ್ ಬ್ಲೇರಿನಲ್ಲಿ ಇಳಿದು (ಈಗ ಅದರ ಹೆಸರು ಬದಲಾಗಿದೆ, ನನ್ನ ನಾಲಿಗೆ ಬದಲಾಗಿಲ್ಲ) ಅಲ್ಲಿಂದ ಹ್ಯಾವ್ಲಾಕ್, ನೀಲ್ ಹೀಗೆ ಯಾವ ದ್ವೀಪಕ್ಕೆ ಹೋಗುವುದೆಂದು ಆರಿಸಿಕೊಳ್ಳಬೇಕು. ಆರಿಸುವ ಕೆಲಸವನ್ನು ನನಗೆ ಕೊಟ್ಟರು. ಚಿಂತೆ ಮಾಡುವವನಿಗೆ ಚಿಂತೆಯ ಕೆಲಸ.

"ಅಬ್ಬಾ, ಹ್ಯಾವ್ಲಾಕಾ, ನೀಲಾ? ಬೇಗ ಹೇಳಿ. ಎರಡೂ ಆಗ್ತದೆ, ಮೊದ್ಲು ಯಾವುದು ಅಂತ ಅಷ್ಟೇ," ಎಂದು ಆಯಿಷಾ ಮೊಬೈಲು ಹಿಡಿದು ಕೂತಳು.

ಯಾವುದರಲ್ಲಿ ದೊಡ್ಡ ಆಸ್ಪತ್ರೆ ಇದೆ, ಹಡಗಿಗೆ ಎಷ್ಟು ಹೊತ್ತು, ಮೊಸಳೆ ಉಂಟೋ ಇಲ್ಲವೋ ಎಂದು ನಾನು ಕೇಳತೊಡಗಿದೆ.

"ಮೊಸಳೆ ದಾಂಡೇಲಿಲೂ ಅದೆ. ಅಲ್ಲಿ ಹೊಳೆ ದಂಡೆ ಮೇಲೆ ಕೂತು ಭಜಿ ತಿಂದಿಲ್ವಾ ನೀವು?"

"ಅದು ನಮ್ಮ ಬದಿಯ ಮೊಸಳೆ," ಎಂದೆ.

ಹೀಗೇ ಒಂದು ವಾರ ಕಳೆಯಿತು. ಒಂದು ಮಧ್ಯಾಹ್ನ ನನ್ನ ಹೆಂಡತಿ ಶಬಾನಾ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಂಗಡೆ ಹೆಚ್ಚುತ್ತಿದ್ದವಳು, ತಲೆ ಎತ್ತದೆ ಕೇಳಿದಳು: "ಮೂರನೇದು ಯಾಕೆ ಹೇಳೂದಿಲ್ಲ ನೀವು?"

"ಯಾವ ಮೂರನೇದು?"

"ಗೊತ್ತಿದ್ದೂ ಕೇಳ್ತಿರಲ್ಲ."

ಗೊತ್ತಿತ್ತು. ಅವಳಿಗೆ ನೋವಾಗಬಾರದೆಂದು ನಾನು ಆ ಹೆಸರು ಎತ್ತಿರಲಿಲ್ಲ. ನಮ್ಮ ಸಂತೋಷ ಕೆಡಬಾರದೆಂದು ಅವಳೂ ಎತ್ತಿರಲಿಲ್ಲ. ಹಟ್ ಬೇ. ಲಿಟ್ಲ್ ಅಂಡಮಾನ್ ಎನ್ನುವ ದ್ವೀಪದ ಬಂದರು.

ಇದನ್ನು ಹೇಳಬೇಕಾದರೆ ಶಬಾನಾಳ ತಮ್ಮ ಸಲೀಮನ ವಿಷಯ ಹೇಳಬೇಕು. ಅವಳ ತವರು ಯಲ್ಲಾಪುರ. ಅಪ್ಪ, ಅಣ್ಣ, ತಮ್ಮ ಎಲ್ಲರೂ ಲಾರಿಯವರು. ಆ ಮನೆಯಲ್ಲಿ ಒಂದು ಕಟ್ಟುನಿಟ್ಟು ಉಂಟು. ಹೊರಟು ನಿಂತ ಗಂಡಸನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಗಾಡಿ ಅರ್ಧ ದಾರಿಯಲ್ಲಿ ನಿಲ್ಲುತ್ತದೆ ಎನ್ನುವುದು ಅತ್ತೆಯ ನಂಬಿಕೆ. ಮಾವ ಬದುಕಿದ್ದಾಗ ಅವರು ಹುಬ್ಬಳ್ಳಿಗೆ ಹೋದರೋ ಮಂಗಳೂರಿಗೆ ಹೋದರೋ ಎಂಬುದು ಮನೆಯವರಿಗೆ ತಿಳಿಯುತ್ತಿದ್ದುದು ಅವರು ತಿರುಗಿ ಬಂದ ಮೇಲೆ. ನಾನು ಅಳಿಯನಾಗಿ ಹೋದ ಹೊಸತರಲ್ಲಿ ಒಮ್ಮೆ ಬಾಯಿ ತಪ್ಪಿ ಕೇಳಿ, ಊಟಕ್ಕೆ ಕೂತಲ್ಲೇ ಬೈಸಿಕೊಂಡಿದ್ದೆ.

ಸಲೀಂ ಅಂಕೋಲೆಯ ರಸ್ತೆಯಲ್ಲಿ ಅದಿರು ಲಾರಿ ಓಡಿಸುತ್ತಿದ್ದ. ೨೦೦೪ರಲ್ಲಿ ಯಾರೋ ಗುತ್ತಿಗೆದಾರ ಅಂಡಮಾನಿನಲ್ಲಿ ರಸ್ತೆ ಕೆಲಸಕ್ಕೆ ಟಿಪ್ಪರ್ ಓಡಿಸುವವರು ಬೇಕೆಂದು ಕರೆದ. ಹೋದ. ಆ ವರ್ಷ ರಂಜಾನ್ ಈದಿಗೆ ಫೋನ್ ಮಾಡಿ, "ಅಮ್ಮೀ, ಇಲ್ಲಿಂದ ಬೇರೆ ದ್ವೀಪಕ್ಕೆ ಕಳಿಸ್ತಾರಂತೆ, ನಾಳೆ ಹೊರಡೂದು," ಅಂದ. ಅತ್ತೆ ಯಾವ ದ್ವೀಪವೆಂದು ಕೇಳಲಿಲ್ಲ. ಹೊರಟವನನ್ನು ಕೇಳುವಂತಿಲ್ಲವಲ್ಲ. ಡಿಸೆಂಬರಿನಲ್ಲಿ ಸುನಾಮಿ ಬಂತು.

ಶಬಾನಾಳ ಅಣ್ಣ ಪೋರ್ಟ್ ಬ್ಲೇರಿಗೆ ಹೋಗಿ ಒಂದು ತಿಂಗಳು ಹುಡುಕಿ ಬಂದರು. ಗುತ್ತಿಗೆದಾರ ಪತ್ತೆಯಿಲ್ಲ. ಒಬ್ಬರು ಕಾರ್ ನಿಕೋಬಾರ್ ಅಂದರು, ಇನ್ನೊಬ್ಬರು ಹಟ್ ಬೇ ಅಂದರು. ಎರಡೂ ಕಡೆ ಸಮುದ್ರ ಒಳಗೆ ಬಂದಿತ್ತು. ಹೆಣ ಸಿಗಲಿಲ್ಲ. ಅತ್ತೆ ಮಾತ್ರ, "ಎಲ್ಲಿ ಅಂತ ಹೇಳಿ, ಆಮೇಲೆ ಅಳ್ತೇನೆ," ಎಂದವರು ಅಳಲೇ ಇಲ್ಲ. ಪ್ರತಿ ವರ್ಷ ಶಬೇ ಬರಾತಿಗೆ ಹಲ್ವಾ ಮಾಡಿ, ಮನೆಯ ಸತ್ತವರ ಹೆಸರೆಲ್ಲ ಹೇಳಿ ಫಾತಿಹಾ ಓದಿಸುವಾಗ ಸಲೀಮನ ಹೆಸರು ಬರಕೂಡದು. ಒಮ್ಮೆ ಹಿರಿಯ ಮಗ ಮೆಲ್ಲಗೆ ಸೇರಿಸಿದ್ದಕ್ಕೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಹೀಗೆ ಇಪ್ಪತ್ತು ವರ್ಷ ಅವನು ಇದ್ದವರ ಲೆಕ್ಕಕ್ಕೂ ಇಲ್ಲ, ಸತ್ತವರ ಲೆಕ್ಕಕ್ಕೂ ಇಲ್ಲ. ಅತ್ತೆಗೆ ಈಗ ಉಸಿರಿನ ತೊಂದರೆ. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯುತ್ತಾರೆ.

ನಿಕೋಬಾರಿಗೆ ನಮ್ಮಂಥ ಪ್ರವಾಸಿಗಳನ್ನು ಬಿಡುವುದಿಲ್ಲ. ಹೋಗಬಹುದಾದದ್ದು ಹಟ್ ಬೇ ಒಂದೇ. ಅಲ್ಲಿಗೆ ಹೋದರೆ ಹಡಗಿನಲ್ಲೇ ದಿನಗಳು ಹೋಗಿ, ಉಳಿದ ಎರಡು ದ್ವೀಪಗಳನ್ನು ಬಿಡಬೇಕು. ಆಯಿಷಾಗೆ ಸಿಟ್ಟು ಬಂತು. ನೀರೊಳಗೆ ಇಳಿದು ಮೀನು ನೋಡುವುದೆಂದು ಆರು ತಿಂಗಳಿಂದ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಿದ್ದಳು.

"ನಾನು ಹುಟ್ಟೂಕಿಂತ ಮುಂಚಿನ ವಿಷಯ ಅಮ್ಮೀ. ಆ ಮಾಮೂನ ಫೋಟೋನೂ ಸರಿಯಾಗಿ ನೋಡಿಲ್ಲ ನಾನು."

ಶಬಾನಾ ಮೀನಿನ ಕೈ ತೊಳೆದು ಬಂದಳು. "ನೀನು ಹೊಟ್ಟೇಲಿದ್ದಿ. ಹುಡುಗಿ ಆದ್ರೆ ಆಯಿಷಾ ಅಂತ ಇಡು ಅಂದೋನು ಅವನೇ," ಎಂದು ಹೇಳಿ ಒಳಗೆ ಹೋದಳು. ಸಂಜೆ ಹಟ್ ಬೇ ಹಡಗಿನ ವೇಳೆ ಹುಡುಕಿ ತೋರಿಸಿದವಳು ಆಯಿಷಾಳೇ.

ಹೊರಡುವ ಮುಂಚೆ ಯಲ್ಲಾಪುರಕ್ಕೆ ಹೋಗಿ ಅತ್ತೆಯನ್ನು ಕಂಡು ಬಂದೆವು. ರಜೆಗೆ ಹೋಗುತ್ತಿದ್ದೇವೆ ಎಂದಷ್ಟೇ ಹೇಳಿದೆವು. ಹೆದ್ದಾರಿ ಕಾಣುವ ಕಿಟಕಿಯ ಹತ್ತಿರ ಮಂಚದ ಮೇಲೆ ಕೂತಿದ್ದರು. ಬಾಯಿ ತೆರೆದರು, ಮುಚ್ಚಿದರು. ಕೊನೆಗೆ, "ಹುಷಾರಿ," ಎಂದರು.

ಹಡಗಿನಲ್ಲಿ ನನ್ನ ಪ್ರತಾಪ ಹೆಚ್ಚು ಬರೆಯುವಂಥದ್ದಲ್ಲ. ಹತ್ತಿದ ಕೂಡಲೇ ಲೈಫ್ ಜಾಕೆಟ್ ಎಲ್ಲಿಟ್ಟಿದ್ದಾರೆಂದು ಕೇಳಿದೆ. ಸಿಬ್ಬಂದಿಯವನು ತೋರಿಸಿದ. ತೆಗೆದು ನೋಡಬಹುದೇ ಅಂದೆ. "ಮುಳುಗುವಾಗ ನೋಡಿ," ಎಂದು ಹೋದ. ದಡ ಮರೆಯಾದ ಮೇಲೆ ನಾನು ಏನನ್ನೂ ನೋಡುವ ಸ್ಥಿತಿಯಲ್ಲಿ ಇರಲಿಲ್ಲ. ಪ್ಲಾಸ್ಟಿಕ್ ಚೀಲ ಹಿಡಿದು ಕೂತೆ. ಶಬಾನಾ ಮಾತ್ರ ಇಡೀ ದಾರಿ ಕಟಕಟೆಗೆ ಒರಗಿ ನೀರನ್ನೇ ನೋಡುತ್ತ ನಿಂತಿದ್ದಳು. ಅಷ್ಟು ನೀರನ್ನು ಅವಳು ಹಿಂದೆ ಕಂಡಿರಲಿಲ್ಲ. ತಮ್ಮ ಇದನ್ನೇ ದಾಟಿದ್ದ.

ಹಟ್ ಬೇ ಸಣ್ಣ ಪೇಟೆ. ಉಳಿದ ಪ್ರವಾಸಿಗಳು ಜಲಪಾತಕ್ಕೆಂದು ಜೀಪು ಹತ್ತಿದರು. ನಾವು ಮರುದಿನ ಬೆಳಿಗ್ಗೆಯಿಂದ ಕಂಡಕಂಡವರನ್ನು ಕೇಳುತ್ತ ತಿರುಗಿದೆವು. ಹೆಚ್ಚಿನವರು ಆಮೇಲೆ ಬಂದು ನೆಲೆಸಿದವರು. ಒಬ್ಬ ಆಟೋದವನು, ಹಳಬರು ಬೇಕಾದರೆ ಅಲ್ಲಿ ಕೇಳಿ ಎಂದು ಸಮುದ್ರದ ರಸ್ತೆಯ ಒಂದು ಚಾ ಅಂಗಡಿಗೆ ತಂದು ಬಿಟ್ಟ. ಅಂಗಡಿಯಲ್ಲಿ ಎಪ್ಪತ್ತು ದಾಟಿದ ಬಂಗಾಳಿ ಹೆಂಗಸು. ಶಬಾನಾ ಹಿಂದಿಯಲ್ಲಿ ಎಲ್ಲ ಹೇಳಿದಳು.

"ರಸ್ತೆಯವರ ಕ್ಯಾಂಪು ಈ ಬದಿಗೇ ಇತ್ತು," ಎಂದಳು ಆಕೆ, ಸ್ಟೌವಿನ ಉರಿ ಸಣ್ಣ ಮಾಡಿ. "ಡ್ರೈವರುಗಳು ನನ್ನ ಹತ್ತಿರವೇ ಚಾ ಕುಡೀತಿದ್ದರು. ಆ ದಿನ ಬೆಳಿಗ್ಗೆ ಕ್ಯಾಂಪಿನಲ್ಲಿ ಎಲ್ಲರೂ ಇದ್ದರು. ಭಾನುವಾರ ಅಲ್ಲವಾ."

"ದಕ್ಷಿಣದವನು ಒಬ್ಬ ಇದ್ನಾ? ಎತ್ತರ ಇದ್ದ," ಎಂದು ಶಬಾನಾ ಕೇಳಿದಳು.

"ಹಾಂ, ಇದ್ದ. ಎತ್ತರ."

"ಎಡಗೈಲಿ ಊಟ ಮಾಡಿ ಬೈಸ್ಕೊಳ್ತಿದ್ದ."

"ಹಾಂ ಹಾಂ. ಎಡಗೈ."

"ಹಾಡ್ತಿದ್ನಾ?"

"ಹಾಡ್ತಿದ್ದ ಮಗಾ. ತುಂಬ ಚೆನ್ನಾಗಿ."

ಶಬಾನಾಳ ಮುಖ ನೋಡಲು ಆಗುತ್ತಿರಲಿಲ್ಲ. ನಾನು ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಬೀಗ ಹಾಕಿದ ಮೇಲೂ ಜಗ್ಗಿ ನೋಡುವ ಕೈ ನನ್ನದು. "ಗಡ್ಡ ಇತ್ತಾ?" ಎಂದು ಕೇಳಿಬಿಟ್ಟೆ. ಸಲೀಮನಿಗೆ ಗಡ್ಡ ಇರಲಿಲ್ಲ. ಮೀಸೆಯನ್ನೂ ನುಣ್ಣಗೆ ತೆಗೆಯುವ ಶೋಕಿಯವನು ಅವನು.

"ಹಾಂ, ಗಡ್ಡ ಇತ್ತು," ಎಂದಳು ಆಕೆ.

ಪಾಪ, ಆಕೆ ಕೇಳಿದ್ದಕ್ಕೆಲ್ಲ ಹೌದು ಅನ್ನುತ್ತಿದ್ದಾಳೆ ಎಂದು ನನಗೆ ಹೊಳೆಯಿತು. ಇಷ್ಟು ದೂರ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಇರಬೇಕು. ನಮ್ಮ ಹಾಗೆ ಹುಡುಕಿಕೊಂಡು ಬಂದ ಎಷ್ಟು ಜನರಿಗೆ ಆಕೆ ಹಾಗೆ ಹೌದು ಅಂದಿದ್ದಳೋ. ಶಬಾನಾ ತಣ್ಣಗಾದ ಚಾವನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು. ಆಕೆಯ ಕೈ ಹಿಡಿದು, ಬಿಟ್ಟು, ಹೊರಗೆ ಬಂದಳು.

ಕ್ಯಾಂಪು ಇತ್ತೆಂದ ಜಾಗದಲ್ಲಿ ಈಗ ಏನೂ ಇಲ್ಲ. ಅಲ್ಲಲ್ಲಿ ಸತ್ತ ಮರಗಳ ಬೊಡ್ಡೆಗಳು ನೀರಿನಲ್ಲಿ ನಿಂತಿದ್ದವು. ಸಮುದ್ರ ಅಂದು ಶಾಂತವಾಗಿತ್ತು. ಮಕ್ಕಳ ಚಿತ್ರದಲ್ಲಿ ಬರೆಯುವ ನೀಲಿ. ಆಯಿಷಾ ಹುಡುಕಿದ್ದ ಫೋಟೋಗಳಲ್ಲಿ ಇದ್ದದ್ದೂ ಇದೇ ಬಣ್ಣ.

"ಇಲ್ಲೇ," ಎಂದಳು ಶಬಾನಾ.

"ಖಾತ್ರಿ ಇಲ್ವಲ್ಲ," ಎಂದೆ ನಾನು. "ಗಡ್ಡ ಇತ್ತು ಅಂದ್ಳಲ್ಲ ಅವಳು..."

"ನಂಗೂ ಕೇಳಿಸ್ತು. ಕಿವುಡಿ ಅಲ್ಲ ನಾನು." ಚಪ್ಪಲಿ ಬಿಟ್ಟು ಮರಳಿನ ಮೇಲೆ ನಿಂತಳು. "ಖಾತ್ರಿ ಆಗೂತನಕ ಅಮ್ಮಿ ಇರ್ತಾಳಾ? ಹ್ಯಾವ್ಲಾಕಾ ನೀಲಾ ಅಂತ ನೀವು ಒಂದು ವಾರ ಆರಿಸ್ತಾ ಕೂತ್ರಿ. ಅವನಿಗೆ ಒಂದು ದ್ವೀಪ ನಾನು ಆರಿಸ್ತೇನೆ. ಇದೇ."

ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೈ ಎತ್ತಿದಳು. ಆಯಿಷಾ ಪಕ್ಕಕ್ಕೆ ಹೋಗಿ ನಿಂತು ದುಪಟ್ಟಾ ಹೊದ್ದು ಅವಳೂ ಕೈ ಎತ್ತಿದಳು. ನಾನೂ ನಿಂತೆ. ಫಾತಿಹಾದ ನಡುವೆಯೂ ನನ್ನ ಕಣ್ಣು ಅಲೆಗಳ ಮೇಲೆ ಇತ್ತು, ನೀರು ಎಲ್ಲಿಯವರೆಗೆ ಬರುತ್ತದೆ ಎಂದು. ನನ್ನ ಗುಣ ಅಲ್ಲಿಯೂ ಬಿಡಲಿಲ್ಲ. ಓದಿ ಮುಗಿಸಿ ಶಬಾನಾ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟಳು. ಇಪ್ಪತ್ತು ವರ್ಷದಲ್ಲಿ ಅವಳು ತಮ್ಮನಿಗಾಗಿ ದನಿ ತೆಗೆದು ಅತ್ತದ್ದು ಅದೇ ಮೊದಲು. ತಾಯಿ ಅಳದ ಮನೆಯಲ್ಲಿ ಅಕ್ಕ ಹೇಗೆ ಅಳುತ್ತಾಳೆ?

ತಿರುಗಿ ಬಂದ ಮೇಲೆ ನೇರ ಯಲ್ಲಾಪುರಕ್ಕೆ ಹೋದೆವು. ಶಬಾನಾ ತಾಯಿಯ ಮಂಚದ ಮೇಲೆ ಕೂತು ಹೇಳಿದಳು. ಹಟ್ ಬೇ ಅನ್ನುವ ಊರು, ಸಮುದ್ರದ ಬದಿಯ ಕ್ಯಾಂಪು, ಚಾ ಕೊಡುತ್ತಿದ್ದ ಹೆಂಗಸು. ಗಡ್ಡದ ಮಾತು ಬಿಟ್ಟಳು. ಆಯಿಷಾ ಮೊಬೈಲಿನಲ್ಲಿ ತೆಗೆದಿದ್ದ ಒಂದೇ ಫೋಟೋ ತೋರಿಸಲು ಹೋದಳು. "ಬೇಡ. ನೀರು ನೀರೇ," ಎಂದರು ಅತ್ತೆ. ಆಮೇಲೆ ಕಿಟಕಿಯ ಕಡೆ ನೋಡುತ್ತ ಕೇಳಿದರು: "ಗಡ್ಡ ಇತ್ತಂತಾ?"

ಶಬಾನಾ ನನ್ನ ಮುಖ ನೋಡಿದಳು.

"ಇತ್ತಂತೆ," ಎಂದೆ ನಾನು.

"ಈದಿಗೆ ಫೋನ್ ಮಾಡ್ದಾಗ ಹೇಳಿದ್ದ, ಗಡ್ಡ ಬಿಟ್ಟಿದ್ದೇನೆ ಅಮ್ಮೀ ಅಂತ. ಸಣ್ಣ ವಯಸ್ಸಿಗೆ ಎಂತಕ್ಕೋ ಅದು, ತೆಗಿ ಅಂತ ಬೈದಿದ್ದೆ." ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. "ತೆಗೀಲಿಲ್ಲ ನೋಡು."

ಆಮೇಲೆ ಅವರು ಅತ್ತರು. ಉಸಿರು ಸಿಕ್ಕಿಕೊಂಡು, ಎದೆ ನೀವಿಸಿಕೊಂಡು, ಮತ್ತೆ ಅತ್ತರು. ಆಸ್ಪತ್ರೆಗೆ ಕರೆದೊಯ್ಯುವುದೋ ಎಂದು ನಾನು ಗಾಡಿಯ ಕೀಲಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. "ಅಳ್ಲಿ ಬಿಡಿ," ಎಂದಳು ಶಬಾನಾ.

ಮುಂದಿನ ತಿಂಗಳು ಶಬೇ ಬರಾತಿನ ಫಾತಿಹಾದಲ್ಲಿ ಮಾವನ ಹೆಸರಿನ ನಂತರ ಸಲೀಮನ ಹೆಸರು ಬಂತು. ಅತ್ತೆ ತಟ್ಟೆಯ ಮುಂದೆ ಕೂತೇ ಇದ್ದರು.

ಆ ಹೆಂಗಸು ಹೇಳಿದ್ದು ನಿಜವೋ, ಕರುಣೆಯೋ ನನಗೆ ಇಂದಿಗೂ ತಿಳಿಯದು. ಊರು ಬಿಟ್ಟು ಕ್ಯಾಂಪಿನಲ್ಲಿ ಇರುವ ಡ್ರೈವರುಗಳಲ್ಲಿ ಗಡ್ಡ ಬಿಡದವರು ಯಾರು ಎಂದು ಕೆಲವೊಮ್ಮೆ ಅನಿಸುತ್ತದೆ. ಹೊಲಿಗೆಯ ನಡುವೆ ಮಿಷನ್ನು ನಿಲ್ಲಿಸಿ ಅದನ್ನೇ ಯೋಚಿಸುತ್ತ ಕೂರುತ್ತೇನೆ. ಜೀವನದಲ್ಲಿ ನಾನು ಜಗ್ಗಿ ನೋಡದೆ ಬಿಟ್ಟ ಬೀಗ ಇದೊಂದೇ.

ಮೊನ್ನೆ ಅತ್ತೆಯನ್ನು ಕಂಡು ಇಸಳೂರಿಗೆ ಹೊರಟಿದ್ದೆ. ಬೈಕಿಗೆ ಕೀಲಿ ಹಾಕುವಾಗ ಕಿಟಕಿಯಿಂದ ದನಿ ಬಂತು.

"ಎಲ್ಲಿಗೆ?"

ಗುರುತಿರದ ದನಿ ಕೇಳಿದವನಂತೆ ನಿಂತೆ. "ಮನೆಗೆ ಅತ್ತೆ, ಇಸಳೂರಿಗೆ."

"ಮಧ್ಯ ಎಲ್ಲಾದ್ರೂ ನಿಲ್ಲೂದುಂಟಾ?"

"ಇಲ್ಲ."

"ನಿಂತ್ರೆ ಎಲ್ಲಿ ಅಂತ ಫೋನ್ ಮಾಡು," ಎಂದರು. ಬೈಕು ರಸ್ತೆಗೆ ಬರುವ ತನಕ ಅವರು ಕಿಟಕಿ ಹಿಡಿದೇ ನಿಂತಿದ್ದರು.