ಬಾಡಿಗೆದಾರರ ಹಿಂದಿನ ಮನೆ

ನಾನು ಮದುವೆಯಾಗಿ ಅಂಬಲಪಾಡಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಮಾವ ತೀರಿಕೊಂಡಿದ್ದರು. ಮನೆಯ ಹಿಂಭಾಗವನ್ನು ಅತ್ತೆ ಬಾಡಿಗೆಗೆ ಕೊಡುತ್ತಿದ್ದರು. ಹಿಂದೊಬ್ಬ ಬಾಡಿಗೆ ಕೊಡದೆ ಸತಾಯಿಸಿ, ಹೇಳದೆ ಕೇಳದೆ ಹೊರಟುಹೋಗಿದ್ದನಂತೆ. ಆಮೇಲೆ ಅತ್ತೆ ಒಂದು ಕ್ರಮ ಇಟ್ಟುಕೊಂಡಿದ್ದರು: ಮನೆ ಕೇಳಿ ಬಂದವರು ಈಗ ಇರುವ ಮನೆಗೆ ತಾವೇ ಹೋಗಿ ವಿಚಾರಿಸದೆ ಬೀಗದ ಕೈ ಕೊಡುತ್ತಿರಲಿಲ್ಲ.

ಒಮ್ಮೆ ಮಣಿಪಾಲಕ್ಕೆ ವರ್ಗವಾಗಿದ್ದ ಗುಮಾಸ್ತರೊಬ್ಬರು ಬಂದರು. ಹೆಂಡತಿ, ಮಗು ಇನ್ನೂ ಕಾರ್ಕಳದಲ್ಲಿದ್ದರು. ಮರುದಿನವೇ ಅತ್ತೆ ನನ್ನನ್ನೂ ಕರೆದುಕೊಂಡು ಕಾರ್ಕಳದ ಬಸ್ಸು ಹತ್ತಿದರು.

ಅಲ್ಲಿನ ಮನೆ ಯಜಮಾನರು, "ಬಂಗಾರದಂಥ ಜನ ಮಾರಾಯ್ರೆ! ಬಾಡಿಗೆ ಒಂದು ಸಲವೂ ಬಾಯಿಬಿಟ್ಟು ಕೇಳಿದ್ದಿಲ್ಲ" ಎಂದರು. ನಮ್ಮ ಕೆಲಸ ಮುಗಿಯಿತೆಂದು ನಾನು ಕೊಡೆ ಕೈಗೆತ್ತಿಕೊಂಡೆ.

ಅತ್ತೆ ಏಳಲಿಲ್ಲ. "ಹಾಗಾದರೆ ನಾಳೆ ಅವರು ತಿರುಗಿ ಬಂದರೆ ನೀವು ಮನೆ ಕೊಡ್ತೀರಿ, ಅಲ್ವಾ?"

ಯಜಮಾನರು ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡರು. "ಅದು... ಮನೆ ರಿಪೇರಿ ಉಂಟು."

ಅತ್ತೆ ನೀರು ಕುಡಿಯುವ ನೆಪದಲ್ಲಿ ಹಿತ್ತಲಿನ ಬಾವಿಕಟ್ಟೆಗೆ ಹೋದರು; ನಾನೂ ಹಿಂದೆ ಹೋದೆ. ಗುಮಾಸ್ತರ ಹೆಂಡತಿ ಅಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅತ್ತೆ ತಾವು ಯಾರೆಂದು ಹೇಳಿ ಬಾಡಿಗೆಯ ಮಾತೆತ್ತಿದರು. "ಬಾಡಿಗೆಯ ಚಿಂತೆ ನಿಮಗೆ ಬೇಡ ಅಮ್ಮ. ಸಂಬಳದ ದಿನವೇ ಇವರು ಕೊಟ್ಟು ಬರ್ತಾರೆ" ಎಂದಳು. ಆ ಮುಖದಲ್ಲಿ ಸುಳ್ಳಿನ ಸುಳಿವೂ ಇರಲಿಲ್ಲ.

ತಿರುಗಿ ಬಂದ ಅತ್ತೆ ಯಜಮಾನರನ್ನು ನೇರವಾಗಿ ಕೇಳಿದರು: "ಎಷ್ಟು ತಿಂಗಳದ್ದು ಬಾಕಿ?"

ಅವರು ತಲೆ ತಗ್ಗಿಸಿದರು. "ಐದು. ನಿಜ ಹೇಳಿದರೆ ನೀವು ಮನೆ ಕೊಡುದಿಲ್ಲ, ಅವರು ಇಲ್ಲಿಂದ ಏಳುದಿಲ್ಲ. ನಾನೆಂತ ಮಾಡುದು?"

ಇದೆಲ್ಲ ಅತ್ತೆಗೆ ಹೇಗೆ ಹೊಳೆಯಿತೋ! ಬಸ್ಸಿನಲ್ಲಿ ನಾನು ಅವರ ಮುಖವನ್ನೇ ನೋಡುತ್ತ ಕುಳಿತಿದ್ದೆ. ಅವರು ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದರು.

ಮನೆ ಕೊಡಲಾರರೆಂದೇ ನಾನು ತಿಳಿದಿದ್ದೆ. ಆದರೆ ಅತ್ತೆ ಗುಮಾಸ್ತರನ್ನು ಹೆಂಡತಿಯೊಂದಿಗೆ ಬರಹೇಳಿದರು.

"ಕರಾರಿನ ಮಾತೆಲ್ಲ ಇವಳಿಗೆ ಗೊತ್ತಾಗುದಿಲ್ಲ" ಎಂದರು ಗುಮಾಸ್ತರು.

"ಮನೆ ನಡೆಸುವವರಿಗೆ ಗೊತ್ತಾಗದ್ದು ಎಂತ ಉಂಟು? ಕಾರ್ಕಳದ್ದು ನೀವೇ ಹೇಳ್ತೀರಾ, ನಾನು ಹೇಳಬೇಕಾ?"

ಗುಮಾಸ್ತರ ಮುಖ ಬಿಳಿಚಿಕೊಂಡಿತು. ತಂಗಿಯ ಮದುವೆಗೆ ಮಾಡಿದ ಸಾಲ, ಅದನ್ನು ತೀರಿಸಲು ಬಾಡಿಗೆ ನಿಲ್ಲಿಸಿದ್ದು, ಎಲ್ಲವನ್ನೂ ತಡವರಿಸುತ್ತ ಹೇಳಿದರು. ಹೆಂಡತಿ ಅಳಲಿಲ್ಲ. "ನನಗೊಂದು ಮಾತು ಹೇಳಬಹುದಿತ್ತು" ಎಂದಳಷ್ಟೆ.

ಅತ್ತೆಯ ಷರತ್ತುಗಳು ಸರಳವಾಗಿದ್ದವು. ಕಾರ್ಕಳದ ಬಾಕಿ ಮೊದಲು ತೀರಬೇಕು. ಎರಡು ತಿಂಗಳ ಮುಂಗಡ, ಹನ್ನೊಂದು ತಿಂಗಳ ಕರಾರು. ಬಾಡಿಗೆ ಮಾತ್ರ ಹೆಂಡತಿಯ ಕೈಯಿಂದಲೇ ಬರಬೇಕು.

ಅವಳು ತನ್ನ ಬಳೆ ಅಡವಿಟ್ಟು ಬಾಕಿ ತೀರಿಸಿದಳು. ಎಂಬತ್ತರ ದಶಕದ ನಡುವಿನಲ್ಲಿ ಕಾಪುವಿನಲ್ಲಿ ಸ್ವಂತ ಮನೆ ಕಟ್ಟಿಕೊಂಡು ಹೋಗುವವರೆಗೂ ಅವರು ನಮ್ಮಲ್ಲೇ ಇದ್ದರು. ಬಾಡಿಗೆ ಒಮ್ಮೆಯೂ ತಪ್ಪಲಿಲ್ಲ.

ಈ ನಡುವೆ ಒಂದು ದಿನ ಕಾರ್ಕಳದ ಯಜಮಾನರು ನಮ್ಮ ಜಗಲಿಯಲ್ಲಿ ಪ್ರತ್ಯಕ್ಷರಾದರು. ಅವರ ಮನೆ ಕೇಳಿ ಪಡುಬಿದ್ರಿಯ ಕುಟುಂಬವೊಂದು ಬಂದಿತ್ತಂತೆ. "ನೀವೊಮ್ಮೆ ಅಲ್ಲಿಗೆ ಹೋಗಿ ವಿಚಾರಿಸ್ತೀರಾ ಅಮ್ಮ?" ಎಂದು ಕೈಮುಗಿದರು.

ಅತ್ತೆ ನಗುತ್ತ ಒಳಗೆ ಹೋಗಿ ಸೀರೆ ಬದಲಿಸಿ ಬಂದರು.