ಮಿಸ್ತ್ರಿ ‘ಬಿಡ್ರಿ’ ಅಂದಾಗ

ನನ್ನ ಫಟಫಟಿ ರೇಸಿನ ಗಾಡಿ ಆಗಿರಲಿಲ್ಲ. ಬೈಲಹೊಂಗಲದ ದನದ ದವಾಖಾನೆಯಲ್ಲಿ ನಾನು ಕಂಪೌಂಡರ್. ಇವತ್ತು ಸಂಪಗಾಂವ, ನಾಳೆ ನೇಸರಗಿ, ನಾಡಿದ್ದು ಕಿತ್ತೂರಿನ ಕಡೆಯ ಹಳ್ಳಿಗಳು ಅಂತ ತಿರುಗಾಡುವುದಕ್ಕೆ ಆ ಗಾಡಿ. ಹಿಂದೆ ಔಷಧದ ತಗಡಿನ ಪೆಟ್ಟಿಗೆ, ಹ್ಯಾಂಡಲ್ಲಿಗೆ ಕಾಯಿಪಲ್ಲೆಯ ಚೀಲ. ಅವ್ವ ಎಲ್ಲಮ್ಮನ ಗುಡ್ಡಕ್ಕೆ ಹೋದದ್ದೂ ಅದರ ಮೇಲೆ, ಕಾಲು ಮುರಿದ ಆಡಿನ ಮರಿ ದವಾಖಾನೆಗೆ ಬಂದದ್ದೂ ಅದರ ಮೇಲೆಯೇ. ಹಳ್ಳಿಯವರು ನನ್ನನ್ನು ‘ಡಾಕ್ಟರ್ರ’ ಅನ್ನುತ್ತಿದ್ದರು. ನಾನು ತಿದ್ದಲು ಹೋಗುತ್ತಿರಲಿಲ್ಲ.

ಮನೆಯಲ್ಲಿ ಯಾರೂ ಹಾಗೆ ಕರೆಯುತ್ತಿರಲಿಲ್ಲ. ನಮ್ಮದು ಪೂಜೆ, ಪಂಚಾಂಗದ ಮನೆತನ. ಮಗ ಸಂಸ್ಕೃತ ಓದಿ ತಮ್ಮ ಜಾಗದಲ್ಲಿ ಕೂರುತ್ತಾನೆ ಅಂತ ಅಪ್ಪ ಕಾದಿದ್ದರು. ನಾನು ಎಮ್ಮೆಯ ಬಾಯಿಗೆ ಬಿದಿರಿನ ಗೊಟ್ಟ ಇಟ್ಟು ಔಷಧ ಹೊಯ್ಯುವವನಾದೆ. ಅಪ್ಪ ಬಯ್ಯಲಿಲ್ಲ. ಬಯ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ದಿನಾ ಸಂಜೆ ನಾನು ಬಂದಾಗ ‘ಕೈಕಾಲು ತೊಳಕೊಂಡು ಒಳಗ ಬಾ’ ಅನ್ನುತ್ತಿದ್ದರು, ಅಷ್ಟೇ.

ಗಾಡಿಯ ಯೋಗಕ್ಷೇಮ ಒಬ್ಬ ಮುಸಲ್ಮಾನ ಮಿಸ್ತ್ರಿಯವರದು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಮಾತು ಕಡಿಮೆ. ರಿಪೇರಿ ಮುಗಿದ ಮೇಲೆ ನನ್ನ ಹಿಂದೆ ಕೂತು ನೇಸರಗಿ ರಸ್ತೆಯಲ್ಲಿ ಒಂದೆರಡು ಮೈಲಿ ಹೋಗಿಬರುವುದು ಅವರ ಪದ್ಧತಿ. ಕತ್ತು ಬಗ್ಗಿಸಿ ಇಂಜಿನ್ನಿನ ಸದ್ದು ಕೇಳುತ್ತ ಕೂರುವರು. ಸದ್ದು ಮನಸ್ಸಿಗೆ ಬಂದರೆ ನನ್ನ ಬೆನ್ನು ತಟ್ಟಿ ‘ಬಿಡ್ರಿ’ ಅನ್ನುವರು. ನಾನು ಎಕ್ಸಲೇಟರ್ ತಿರುವುತ್ತಿದ್ದೆ. ನಮ್ಮ ಕಡೆ ಗಾಡಿ ಬಿಡುವುದು ಅಂದರೆ ಜೋರಾಗಿ ಓಡಿಸುವುದು. ದಾರಿ ಬಿಡು, ಹಟ ಬಿಡು ಅನ್ನುವಾಗಲೂ ಅದೇ ‘ಬಿಡು’. ನುಗ್ಗು ಅನ್ನುವುದಕ್ಕೂ ಸಾಕು ಮಾಡು ಅನ್ನುವುದಕ್ಕೂ ಒಂದೇ ಮಾತು, ಯಾವುದು ಅಂತ ಕೇಳುವವನೇ ತಿಳಿದುಕೊಳ್ಳಬೇಕು.

ಸವದತ್ತಿಯ ಹತ್ತಿರ ಡ್ಯಾಮ್ ಕಟ್ಟಿ ಮುಗಿದ ಮೇಲೆ, ಕೆಲಸಗಾರರಿದ್ದ ಕಡೆ ಒಂದು ಡಾಂಬರು ರಸ್ತೆ ಹಾಗೇ ಉಳಿದಿತ್ತು. ಲಾರಿಗಳು ಕಲ್ಲು ಹೇರಿಕೊಂಡು ಸುತ್ತು ಬರಲೆಂದು ಮಾಡಿದ ರಸ್ತೆ, ಉದ್ದಕ್ಕೆ ಎಳೆದ ದುಂಡು ಆಕಾರದ್ದು. ಒಂದು ತುದಿಯಲ್ಲಿ ಪಾಳುಬಿದ್ದ ಕ್ಯಾಂಟೀನು, ಇನ್ನೊಂದು ತುದಿಯಲ್ಲಿ ಕಲ್ಲು ಒಡೆದು ಖಡಿ ಮಾಡುವ ಮಷೀನು ಕೂತಿದ್ದ ಜಾಗ. ಸೈನ್ಯದಲ್ಲಿ ಮೋಟರ್ ಸೈಕಲ್ ಮೇಲೆ ಟಪಾಲು ಒಯ್ಯುತ್ತಿದ್ದು ನಿವೃತ್ತರಾಗಿ ಬಂದ ಒಬ್ಬ ಸುಭೇದಾರರು ಅದನ್ನು ನೋಡಿ, ಬೇಸಿಗೆಯ ಭಾನುವಾರಗಳಲ್ಲಿ ಸುತ್ತಲಿನ ಊರುಗಳ ಗಾಡಿಯವರನ್ನು ಕರೆಯತೊಡಗಿದರು. ಐದೈದು ಜನರಂತೆ ಬಿಟ್ಟು ಆರಾರು ಸುತ್ತು ಹೊಡೆಸುತ್ತಿದ್ದರು. ಬ್ರೇಕು ಎಲ್ಲಿ ಹಿಡಿಯಬೇಕು, ತಿರುವಿನಲ್ಲಿ ಕಣ್ಣು ಎಲ್ಲಿರಬೇಕು ಅಂತ ಹೇಳಿಕೊಡುತ್ತಿದ್ದರು. ಅವರ ಬಳಿ ಇದ್ದ ಐದು ಹೆಲ್ಮೆಟ್ಟುಗಳನ್ನೇ ಎಲ್ಲರೂ ಸರದಿಯಲ್ಲಿ ಹಾಕಿಕೊಳ್ಳಬೇಕು, ಒಳಗೆ ಹಿಂದಿನವನ ಬೆವರು ಇನ್ನೂ ಬೆಚ್ಚಗಿರುತ್ತಿತ್ತು.

‘ಇದು ರೇಸ್ ಅಲ್ಲ’ ಅಂತ ಪ್ರತಿ ಸಲ ಶುರುವಿಗೆ ಹೇಳುವರು. ‘ದಾಟೂದಿದ್ರ ನೆಟ್ಟಗಿರೂ ರಸ್ತಾದಾಗ ದಾಟ್ರಿ. ತಿರುವಿನ್ಯಾಗ ಯಾರೂ ಯಾರನ್ನೂ ದಾಟಬಾರ್ದು. ಬಾಜೂಕ ಯಾರರ ಬಂದ್ರ ಅವರಿಗೆ ಜಾಗಾ ಕೊಡ್ರಿ.’

ನಾವು ತಲೆಯಾಡಿಸುತ್ತಿದ್ದೆವು. ಆಮೇಲೆ ರೇಸ್ ಹೊಡೆಯುತ್ತಿದ್ದೆವು.

ಆ ವರ್ಷ ನನ್ನ ತಂಗಿಯ ಲಗ್ನ ನಿಶ್ಚಯವಾಗಿತ್ತು. ಹುಡುಗ ರಾಮದುರ್ಗದಲ್ಲಿ ಹೈಸ್ಕೂಲು ಮಾಸ್ತರ, ಸಂಸ್ಕೃತ ಪಾಠ ಹೇಳುವವನು. ನೋಡಲು ಬಂದ ದಿನವೇ ಅಪ್ಪನ ಜೊತೆ ಕೂತು ಅದೇನೋ ಶ್ಲೋಕದ ಅರ್ಥ ಬಿಡಿಸಿದ. ಅಪ್ಪನ ಮುಖ ಅಷ್ಟು ಅರಳಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹುಡುಗ ಒಳ್ಳೆಯವನು, ನಗುನಗುತ್ತ ಇರುವವನು, ತಂಗಿಗೂ ಮನಸ್ಸಿಗೆ ಬಂದಿದ್ದ. ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಸಾಲದ್ದಕ್ಕೆ ಅವನಿಗೂ ನನ್ನಂಥದೇ ಗಾಡಿ ಇತ್ತು, ಅದರ ಹುಚ್ಚೂ ಇತ್ತು.

ಲಗ್ನಕ್ಕೆ ಹನ್ನೆರಡು ದಿನ ಇರುವಾಗ ಅವನು ಲಗ್ನಪತ್ರಿಕೆ ಹಂಚಲು ಬೈಲಹೊಂಗಲಕ್ಕೆ ಬಂದು ತನ್ನ ಸೋದರತ್ತೆಯ ಮನೆಯಲ್ಲಿ ಉಳಿದಿದ್ದ. ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಉಪ್ಪಿಟ್ಟಿಗೆ ಬಂದವನು, ನಾನು ಸವದತ್ತಿಗೆ ಹೊರಟದ್ದು ಕೇಳಿ ತಾನೂ ಬರುತ್ತೇನೆ ಅಂದ. ಅಪ್ಪ ನನ್ನನ್ನು ಹಿತ್ತಲಿಗೆ ಕರೆದರು.

‘ಹನ್ನೆರಡು ದಿನದಾಗ ಲಗ್ನ ಅದ. ಹುಡುಗನ್ನ ಹೆಂಗ ಕರಕೊಂಡು ಹೋಗ್ತೀಯೋ ಹಂಗ ಕರಕೊಂಡು ಬಾ. ಹೊಣಿ ನಿಂದು.’

‘ಆತು, ನಂದ ಹೊಣಿ’ ಅಂದೆ.

ತಮ್ಮ ರಿಪೇರಿ ಅಂಗಡಿಯ ಮುಂದೆ ಮಿಸ್ತ್ರಿ ಎಂದಿನಂತೆ ಪಾನಾ, ಸ್ಕ್ರೂಡ್ರೈವರುಗಳ ಚೀಲ ಹಿಡಿದು ಕಾಯುತ್ತಿದ್ದರು. ನನ್ನ ಹಿಂದೆ ಕೂತರು. ಸವದತ್ತಿ ಮುಟ್ಟುವವರೆಗೆ ಮಾಸ್ತರ ಒಮ್ಮೆ ನಮ್ಮ ಮುಂದೆ, ಒಮ್ಮೆ ಹಿಂದೆ. ಮುಂದೆ ಹೋದಾಗಲೆಲ್ಲ ತಿರುಗಿ ನೋಡಿ ನಗುವನು. ಗಾಡಿಗೆ ಇಬ್ಬರ ಭಾರ ಇತ್ತು, ಅದಕ್ಕೇ ಹಿಂದೆ ಬಿದ್ದಿದ್ದೇನೆ ಅಂತ ಕೂಗಿ ಹೇಳಬೇಕು ಅನ್ನಿಸಿತು.

ಡ್ಯಾಮಿನ ರಸ್ತೆಯಲ್ಲಿ ಮಿಸ್ತ್ರಿ ಎರಡೂ ಗಾಡಿಗಳನ್ನು ಸಜ್ಜು ಮಾಡಿದರು. ನನ್ನ ತಗಡಿನ ಪೆಟ್ಟಿಗೆ ಬಿಚ್ಚಿದರು, ಕನ್ನಡಿ ಬಿಚ್ಚಿದರು, ದೀಪದ ಗಾಜು ಒಡೆದರೆ ಚೂರು ಚೆಲ್ಲದಂತೆ ಪಟ್ಟಿ ಅಂಟಿಸಿದರು. ಸ್ಟ್ಯಾಂಡು ನೆಲಕ್ಕೆ ತಾಗದಂತೆ ತಂತಿಯಿಂದ ಮೇಲಕ್ಕೆ ಕಟ್ಟಿದರು. ಮಾಸ್ತರ ಪಕ್ಕದಲ್ಲಿ ನಿಂತು ಎಲ್ಲ ನೋಡುತ್ತಿದ್ದ.

‘ಭಾವ, ದಿನಾ ಎತ್ತಿನ ಹಿಂದ ಅಡ್ಡಾಡಿ ನಿಮ್ಮ ಗಾಡಿಗೂ ಎತ್ತಿನ ನಡಗಿ ರೂಢಿ ಆಗೇದ ನೋಡ್ರಿ’ ಅಂದ.

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಲಗ್ನಕ್ಕೆ ಮೊದಲೇ ‘ಭಾವ’ ಅನ್ನುವ ಸಲಿಗೆ, ಮೇಲೆ ಎತ್ತಿನ ಮಾತು. ಮೈಯೆಲ್ಲ ಉರಿಯಿತು.

ತಿರುವಿಗೊಬ್ಬರಂತೆ ಜನ ನಿಲ್ಲಿಸುವುದು ಸುಭೇದಾರರ ಕ್ರಮ. ಖಡಿ ಮಷೀನಿನ ತಿರುವಿಗೆ ಯಾವಾಗಲೂ ನಮ್ಮ ಮಿಸ್ತ್ರಿಯೇ. ಅವರ ಕಣ್ಣಿನ ಮೇಲೆ ಸುಭೇದಾರರಿಗೆ ಅಷ್ಟು ಭರವಸೆ. ಆ ತಿರುವೇ ಕೆಟ್ಟದ್ದು. ಹೊರ ಅಂಚಿನಲ್ಲಿ ಹಳೇ ಖಡಿ ಹರಡಿಕೊಂಡಿತ್ತು, ಎಷ್ಟು ಗುಡಿಸಿದರೂ ಮತ್ತೆ ಬಂದು ಬೀಳುತ್ತಿತ್ತು. ನಮ್ಮ ಐವರ ಸರದಿ ಬಂದು ಹೊರಟಾಗ ಮೊದಲ ಎರಡು ಸುತ್ತು ನಾನು ಮುಂದೆ. ಮೂರನೆಯದರಲ್ಲಿ ಕ್ಯಾಂಟೀನು ದಾಟಿದ ಮೇಲೆ ಮಾಸ್ತರ ನೆಟ್ಟಗಿನ ರಸ್ತೆಯಲ್ಲಿ ನಿಯಮದಂತೆಯೇ ನನ್ನನ್ನು ದಾಟಿದ. ದಾಟುವಾಗ ಎಡಗೈ ಎತ್ತಿ ಟಾಟಾ ಮಾಡಿದ. ನಾಲ್ಕನೆಯ ಸುತ್ತಿನಲ್ಲಿ ಅವನು ಗೇರು ತಪ್ಪಿಸಿದ, ನಾನು ಮತ್ತೆ ಮುಂದಾದೆ. ಉಳಿದ ಮೂವರು ಎಲ್ಲಿದ್ದರೋ ನನಗೆ ತಿಳಿಯದು. ಹ್ಯಾಂಡಲ್ಲಿನ ಮೇಲೆ ಅಂಗೈ ಜಾರುತ್ತಿತ್ತು. ಹಿಂದಿನಿಂದ ಅವನ ಗಾಡಿಯ ಸದ್ದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೇಳುತ್ತಿತ್ತು.

ಐದನೆಯ ಸುತ್ತು. ಖಡಿ ಮಷೀನಿನ ತಿರುವಿಗೆ ಎಕ್ಸಲೇಟರ್ ಮುಚ್ಚಿ ಬ್ರೇಕು ಹಿಡಿದೆ. ಗಾಡಿಯ ಸದ್ದು ಇಳಿಯಿತು. ನನ್ನ ಪಕ್ಕದಲ್ಲಿ, ಹೊರಗಡೆಗೆ, ಅವನ ಮುಂದಿನ ಗಾಲಿ ಕಂಡಿತು. ತಿರುವಿಗೆ ಮೊದಲೇ ದಾಟಬೇಕೆಂದಿದ್ದವನು ಅರ್ಧಕ್ಕೆ ಸಿಕ್ಕಿಬಿದ್ದಿದ್ದ. ನಾನು ಒಳಗೇ ಉಳಿದು ಒಂದು ಕ್ಷಣ ತಡೆದರೆ ಅವನಿಗೆ ಜಾಗ ಸಿಗುತ್ತಿತ್ತು. ಮಿಸ್ತ್ರಿ ರಸ್ತೆಯ ಅಂಚಿಗೆ ಓಡಿಬಂದು ಎರಡೂ ಕೈ ಎತ್ತಿದರು.

‘ಬಿಡ್ರಿ, ಡಾಕ್ಟರ್ರ, ಬಿಡ್ರಿ.’

ನಾನು ಬಿಟ್ಟೆ. ಪೂರ್ತಿ ಎಕ್ಸಲೇಟರ್ ತಿರುವಿದೆ. ಗಾಡಿ ಮುಂದಕ್ಕೆ ನುಗ್ಗಿ ತಾನಾಗಿಯೇ ಹೊರ ಅಂಚಿನ ಕಡೆ ಸರಿಯಿತು. ಅವನಿಗೆ ಉಳಿದದ್ದು ಖಡಿ ಮಾತ್ರ. ಹಿಂದೆ ಕಬ್ಬಿಣ ನೆಲಕ್ಕೆ ಉಜ್ಜುವ ಸದ್ದು ಬಂತು, ಆಮೇಲೆ ಏನೂ ಇಲ್ಲ. ನಾನು ಗಾಡಿ ನಿಲ್ಲಿಸಿ ತಿರುಗಿ ನೋಡುವ ಹೊತ್ತಿಗೆ ಮಿಸ್ತ್ರಿ ಅವನ ತಲೆ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಎಡಗಾಲು ಮೊಣಕಾಲಿನ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿತ್ತು. ಬದುಕಿದ್ದಾನೋ ಇಲ್ಲವೋ ಅಂತ ಓಡಿದೆ. ಆ ಇಪ್ಪತ್ತು ಹೆಜ್ಜೆಯಲ್ಲಿ ತಂಗಿಯ ಮುಖ ಕಣ್ಣ ಮುಂದೆ ಬರಲಿಲ್ಲ. ಅಪ್ಪನಿಗೆ ಏನು ಹೇಳಲಿ ಅನ್ನುವುದೊಂದೇ ತಲೆಯಲ್ಲಿತ್ತು.

ಸುಭೇದಾರರ ಜೀಪಿನಲ್ಲಿ ಸವದತ್ತಿಯ ದವಾಖಾನೆಗೆ ಒಯ್ದೆವು. ಎಲುಬು ಮುರಿದಿತ್ತು, ತಲೆಗೆ ಏನೂ ಆಗಿರಲಿಲ್ಲ. ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. ಇಳಿಹೊತ್ತಿಗೆ ಅದೇ ಜೀಪಿನಲ್ಲಿ ನಮ್ಮ ಮನೆಯ ಮುಂದೆ ಇಳಿದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಎದ್ದು ಬಂದು ಪ್ಲಾಸ್ಟರನ್ನು ನೋಡಿದರು, ನನ್ನನ್ನು ನೋಡಿದರು.

‘ಹೆಂಗಾತು?’

‘ತಿರುವಿನ್ಯಾಗ ಮಿಸ್ತ್ರಿ ಬಿಡ್ರಿ ಅಂದ್ರು. ಜೋರ್ ಬಿಡ್ರಿ ಅಂದಂಗ ಕೇಳಿಸ್ತು’ ಅಂದೆ. ಮಾತು ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಮಿಸ್ತ್ರಿ ಜೀಪಿನ ಪಕ್ಕದಲ್ಲೇ ಇದ್ದರು. ಒಂದು ಗಳಿಗೆ ನನ್ನ ಕಡೆ ನೋಡಿದರು. ಆಮೇಲೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

‘ಹೌದ್ರಿ ಆಚಾರ್ರ, ನಾನ ಅಂದೆ. ದಾರಿ ಬಿಡ್ರಿ ಅನ್ನಬೇಕಿತ್ತು, ಗಡಬಡಿಯೊಳಗ ಬರೇ ಬಿಡ್ರಿ ಅಂದೆ. ತಪ್ಪು ನಂದ ಐತ್ರಿ.’

ಅಪ್ಪ ಒಳಗೆ ಹೋದರು.

ಲಗ್ನ ನಿಲ್ಲುತ್ತದೆ ಅಂತ ಎರಡು ದಿನ ಮನೆಯವರೆಲ್ಲ ಹೆದರಿ ಕೂತಿದ್ದೆವು. ರಾಮದುರ್ಗದಿಂದ ಬೀಗರು ಬಂದರು. ಅಪಶಕುನದ ಮಾತು ಬಂತು. ಮಾಸ್ತರನೇ ಅದನ್ನು ತಳ್ಳಿಹಾಕಿದ. ‘ಕಾಲು ನಂದು ಮುರದದ, ಶಕುನ ನಿಮಗ್ಯಾಕ?’ ಅಂದನಂತೆ. ಮುಹೂರ್ತಕ್ಕೆ ಸರಿಯಾಗಿ ಲಗ್ನವಾಯಿತು. ಸಪ್ತಪದಿಯಲ್ಲಿ ಅವನು ಒಂದು ಕೈ ನನ್ನ ಹೆಗಲಿಗೆ ಹಾಕಿ ಏಳು ಸಲ ಕುಂಟಿದ. ಲಾಜಾಹೋಮದಲ್ಲಿ ಹುಡುಗಿಯ ಅಣ್ಣ ಅವಳ ಬೊಗಸೆಗೆ ಅರಳು ಹಾಕಬೇಕು. ‘ಅಣ್ಣಾ, ಅರಳು ಚೆಲ್ಲಲಿಕ್ಕ ಹತ್ಯಾವ’ ಅಂತ ತಂಗಿ ಮೆಲ್ಲಗೆ ಹೇಳಿದಳು. ಅವಳು ನನ್ನ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ. ಸಿಟ್ಟೆಲ್ಲ ಮಿಸ್ತ್ರಿಯ ಮೇಲಿತ್ತು. ಮಂಟಪದಲ್ಲಿ ಅವರು ಕಾಣಲಿಲ್ಲ. ಕರೆದಿದ್ದೆವೋ ಇಲ್ಲವೋ ಅಂತ ನಾನು ಕೇಳಲೂ ಇಲ್ಲ.

ಮಾತು ಊರೆಲ್ಲ ಹರಡಿತು. ಮಂದಿಗೆ ಅದು ಚೇಷ್ಟೆಯಾಯಿತು. ‘ಏನ್ರಿ, ಬಿಡ್ರಿ ಮಿಸ್ತ್ರಿ’ ಅಂತ ಕರೆಯತೊಡಗಿದರು. ಅವರು ಡ್ಯಾಮಿನ ರಸ್ತೆಗೆ ಬರುವುದನ್ನು ನಿಲ್ಲಿಸಿದರು. ಸುಭೇದಾರರು ಎರಡು ಸಲ ಹೇಳಿಕಳಿಸಿದರೂ ಹೋಗಲಿಲ್ಲ. ಗಿರಾಕಿಗಳ ಹಿಂದೆ ಕೂತು ಹೋಗಿ ಗಾಡಿ ನೋಡುವುದೂ ನಿಂತಿತು, ಅಂಗಡಿಯ ಮುಂದೆ ನಿಂತೇ ಸದ್ದು ಕೇಳಿ ‘ಬಿಡ್ರಿ’ ಅನ್ನುವ ಬದಲು ಕೈ ಮುಂದೆ ಮಾಡಿ ತೋರಿಸುವರು. ನನ್ನ ಗಾಡಿಯನ್ನು ಮಾತ್ರ ಮೊದಲಿನಂತೆಯೇ ನೋಡಿಕೊಂಡರು. ಮಾಸ್ತರನ ಕಾಲು ಕೂಡಿತು, ಅವನು ಬೈಲಹೊಂಗಲಕ್ಕೆ ಬಂದಾಗಲೆಲ್ಲ ಅವರ ಅಂಗಡಿಯಲ್ಲಿ ಕೂತು ಚಹ ಕುಡಿದು ಬರುತ್ತಿದ್ದ.

ನಾಲ್ಕು ವರ್ಷ ಹೀಗೇ ಹೋಯಿತು. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಕ್ಲಚ್ಚಿನ ಕೇಬಲ್ ಕಡಿದು ಅಂಗಡಿಗೆ ಗಾಡಿ ತಳ್ಳಿಕೊಂಡು ಹೋದೆ. ಮಿಸ್ತ್ರಿ ಹಳೆಯದನ್ನು ಎಳೆದು ತೆಗೆಯುತ್ತಿದ್ದರು. ಲಾರಿಯ ಡ್ರೈವರನೊಬ್ಬ ರಸ್ತೆಯಿಂದಲೇ ‘ಬಿಡ್ರಿ ಮಿಸ್ತ್ರಿ, ಅರಾಮ?’ ಅಂತ ಕೂಗಿ ಹೋದ. ಅವರು ತಲೆ ಎತ್ತದೆ ‘ಅರಾಮ’ ಅಂದರು. ಅವರ ಕುತ್ತಿಗೆಯ ಹಿಂದೆ ಕೂದಲು ಪೂರ್ತಿ ಬೆಳ್ಳಗಾಗಿದ್ದನ್ನು ಆಗ ನೋಡಿದೆ. ನನಗೆ ತಡೆದುಕೊಳ್ಳಲು ಆಗಲಿಲ್ಲ.

‘ಮಿಸ್ತ್ರಿ, ಅವತ್ತು ನನಗ ಸರಿಯಾಗೇ ಕೇಳಿಸಿತ್ತು. ದಾರಿ ಬಿಡ್ರಿ ಅಂತನ ನೀವು ಅಂದದ್ದು, ಗೊತ್ತಿತ್ತು. ಬೇಕಂತನ ದಾರಿ ಕೊಡಲಿಲ್ಲ.’

ಅವರ ಕೈ ನಿಂತಿತು. ಬಯ್ಯುತ್ತಾರೆ, ಪಾನಾ ಎಸೆಯುತ್ತಾರೆ ಅಂತ ಕಾದೆ. ಎಸೆದಿದ್ದರೆ ಚೆನ್ನಾಗಿತ್ತು.

‘ಮಾಸ್ತರ್ರು ನನ್ನ ಜೋಡಿ ಚಾ ಕುಡದ್ರು’ ಅಂದರು. ‘ಮಂದಿ ಏನ ಕರೀತಾರ ಕರೀಲಿ. ನಿಮ್ಮ ಅಪ್ಪಾರು ದಿನಾ ಮುಂಜಾನೆ ಗುಡಿಗೆ ಇದ ರಸ್ತಾದಾಗ ಹೋಗ್ತಿದ್ರು. ನಾ ಎದ್ದು ನಿಂತು ನಮಸ್ಕಾರ ಮಾಡ್ತಿದ್ದೆ. ಸಾಯೂತನಾ ಒಂದ ದಿನಾನೂ ಅವರು ಈ ಕಡೆ ನೋಡಲಿಲ್ಲರಿ.’

ನನಗೆ ಇದು ಗೊತ್ತೇ ಇರಲಿಲ್ಲ. ಅಪ್ಪ ಅಷ್ಟು ಕಠಿಣ ಅಂತಲೂ ಗೊತ್ತಿರಲಿಲ್ಲ, ಅವರು ನನ್ನ ಮಾತನ್ನು ಅಷ್ಟು ನಂಬಿದ್ದರು ಅಂತಲೂ.

‘ಅವರು ಇದ್ದಾಗ ಹೇಳಬೇಕಿತ್ರಿ, ಡಾಕ್ಟರ್ರ.’

ಮಿಸ್ತ್ರಿ ಎದ್ದು ಚಿಂದಿಯಿಂದ ಕೈ ಒರೆಸಿಕೊಂಡರು. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಹೊರಗೆ ತಂದು ಹ್ಯಾಂಡಲ್ಲನ್ನು ನನ್ನ ಕೈಗೆ ಕೊಟ್ಟರು.

‘ಇದನ್ನ ಬ್ಯಾರೆ ಕಡೆ ತೋರಸ್ರಿ’ ಅಂದು ಒಳಗೆ ಹೋದರು.

ಕ್ಲಚ್ ಇಲ್ಲದ ಗಾಡಿಯನ್ನು ತಳ್ಳುತ್ತ, ಅಪ್ಪ ದಿನಾ ಆ ಅಂಗಡಿಯ ಕಡೆ ನೋಡದೆ ನಡೆದ ರಸ್ತೆಯಲ್ಲೇ ಮನೆಗೆ ಬಂದೆ.